ಕಲ್ಕತ್ತೆಯ ತಂತಿಯೂ ಕನ್ನಡದ ಅಕ್ಷರವೂ

ಕಳೆದ ಪೂಜಾ ರಜೆಯಲ್ಲಿ ಬಾಲಿಗಂಜಿನ ನಮ್ಮ ಮನೆಯ ಹಳೆಯ ಬೀರುವನ್ನು ಚೊಕ್ಕಟ ಮಾಡುವಾಗ ನನ್ನ ತೀರಿಹೋದ ತಂದೆಯವರ ಒಂದು ಸಿ.ಡಿ. ಸಿಕ್ಕಿತು. ಅದರ ಮೇಲೆ ಅವರದೇ ಕೈಬರಹದಲ್ಲಿ ‘ನೆನಪುಗಳು, 2003’ ಎಂದಿತ್ತು. ನಿವೃತ್ತರಾದ ಮೇಲೆ ಅವರು ಗಣಕಯಂತ್ರದಲ್ಲಿ ಕನ್ನಡ ಬರೆಯಲು ಕಲಿತು, ಹುಟ್ಟೂರಿನ ಸುದ್ದಿ, ಮೊದಲ ರೈಲು ಪ್ರಯಾಣ, ಬಂಗಾಳಿ ಬಾರದೆ ಗರಿಯಾಹಾಟ್ ಮಾರುಕಟ್ಟೆಯಲ್ಲಿ ಪಟ್ಟ ಪಾಡು ಇವನ್ನೆಲ್ಲ ಬರೆದಿಟ್ಟಿದ್ದರು.

ಈಗಿನ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಸಿ.ಡಿ. ಹಾಕುವ ಜಾಗವೇ ಇರುವುದಿಲ್ಲ. ಚಾಂದ್ನಿ ಚೌಕಿಗೆ ಹೋಗಿ, ಹೊರಗಿನಿಂದ ಜೋಡಿಸುವ ಸಿ.ಡಿ. ಡ್ರೈವ್ ಒಂದನ್ನು ತಂದೆವು. ಕಡತವೇನೋ ತೆರೆಯಿತು. ಆದರೆ ಪರದೆಯ ಮೇಲೆ ಕನ್ನಡದ ಒಂದಕ್ಷರವೂ ಇಲ್ಲ. ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲೋ ಸಾಲು. “ಅಜ್ಜ ಇದನ್ನು ಯಾವ ಭಾಷೆಯಲ್ಲಿ ಬರೆದಿದ್ದಾರೆ, ಅಪ್ಪಾ?” ಎಂದು ಮಗಳು ಕೇಳಿದಳು. ಅವಳ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಸ್ವಲ್ಪ ಇತಿಹಾಸವನ್ನೇ ಹೇಳಬೇಕಾಗುತ್ತದೆ.

ದೂರದ ಮಾತನ್ನು ಹತ್ತಿರ ತರುವ ಯಂತ್ರಗಳ ವಿಷಯದಲ್ಲಿ ನಮ್ಮ ಈ ನಗರ ಎಂದೂ ಹಿಂದೆ ಬಿದ್ದದ್ದಿಲ್ಲ. ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿಗೆ ಓಶಾಘ್ನೆಸಿಯವರು ತಂತಿ ಎಳೆಸಿದ್ದು 1850-51ರಲ್ಲಿ. ಪ್ರಶಾಂತಚಂದ್ರ ಮಹಲನೋಬಿಸರ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ, ಅದೇ ಬಾರಾನಗರದಲ್ಲಿ, ಇಂಗ್ಲೆಂಡಿನಿಂದ ತರಿಸಿದ ಗಣಕಯಂತ್ರ 1956ರ ಹೊತ್ತಿಗೇ ಕೆಲಸ ಮಾಡುತ್ತಿತ್ತು. 1995ರ ಜುಲೈ 31ರಂದು ಜ್ಯೋತಿ ಬಸು ಅವರು ರೈಟರ್ಸ್ ಬಿಲ್ಡಿಂಗಿನಿಂದ ದೆಹಲಿಯ ಸಚಿವ ಸುಖರಾಮರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಹದಿನೈದೇ ದಿನಗಳಲ್ಲಿ, ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆದ ನಗರಗಳಲ್ಲಿಯೂ ಕಲ್ಕತ್ತೆ ಇತ್ತು. 2012ರ ಏಪ್ರಿಲ್ 10ರಂದು ದೇಶದ ಮೊದಲ 4ಜಿ ಸೇವೆ ಆರಂಭವಾದದ್ದೂ ಇಲ್ಲಿಯೇ. ಆಗ ಅದು ಬಂದದ್ದು ಫೋನಿಗಲ್ಲ, ಲ್ಯಾಪ್‌ಟಾಪಿಗೆ ಸಿಕ್ಕಿಸುವ ಡಾಂಗಲ್ಲಿಗೆ ಎಂಬುದನ್ನು ಅನೇಕರು ಮರೆತಿರಬಹುದು.

ಯಂತ್ರಗಳು ಹೀಗೆ ಒಂದಾದ ಮೇಲೊಂದು ಬಂದವು. ಆದರೆ ಕನ್ನಡದ ಅಕ್ಷರ ಅವುಗಳ ಹಿಂದೆ ಏದುಸಿರು ಬಿಡುತ್ತ ಓಡಬೇಕಾಯಿತು. ಊರಿನಿಂದ ನಮಗೆ ತಂತಿ ಬರುತ್ತಿದ್ದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರುತ್ತಿದ್ದದ್ದು ಇನ್‌ಲ್ಯಾಂಡ್ ಕಾಗದ ಮಾತ್ರ. ಅದರ ಮಡಿಕೆಯ ಅಂಚಿನಲ್ಲಿಯೂ ಜಾಗ ಬಿಡದೆ ಅಜ್ಜಿ ಬರೆಸುತ್ತಿದ್ದಳು. ರಾತ್ರಿ ಹನ್ನೊಂದರ ಮೇಲೆ ಎಸ್.ಟಿ.ಡಿ. ದರ ಇಳಿಯುವುದನ್ನು ಕಾದು ಮಾತಾಡುವ ಕಾಲ ಬಂದ ಮೇಲೆ ಆ ಕಾಗದಗಳೂ ವಿರಳವಾದವು.

ಗಣಕಯಂತ್ರದೊಳಕ್ಕೆ ಕನ್ನಡವನ್ನು ತಂದವರಲ್ಲಿ ಮಂಗಳೂರಿನ ಕಡೆಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರನ್ನು ಮೊದಲು ನೆನೆಯಬೇಕು. 1980ರ ದಶಕದ ಕೊನೆಯಲ್ಲಿ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ತಂತ್ರಾಂಶವನ್ನು ರಚಿಸಿ ಉಚಿತವಾಗಿ ಕೊಟ್ಟರು. ಇಂಗ್ಲಿಷ್ ಕೀಲಿಮಣೆಯಲ್ಲೇ ಉಚ್ಚಾರಕ್ಕೆ ತಕ್ಕಂತೆ ಕನ್ನಡ ಬರೆಯುವ ಅವರ ಕ್ರಮ ಬಹಳ ಸರಳ: ಎ, ಎಂ, ಎಫ್, ಎಂ ಎಂದು ನಾಲ್ಕು ಕೀಲಿ ಒತ್ತಿದರೆ ‘ಅಮ್ಮ’. ಇಲ್ಲಿ ಎಫ್ ಎಂಬುದು ಒತ್ತಕ್ಷರವನ್ನು ಕೂಡಿಸುವ ಕೊಂಡಿ. ಮುಂದೆ ಕರ್ನಾಟಕ ಸರ್ಕಾರ ಇದನ್ನೇ ಮಾನ್ಯ ಮಾಡಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇದನ್ನೇ ಬಳಸಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಹೊರಬಂದು ಹೊರನಾಡ, ಹೊರದೇಶಗಳ ಕನ್ನಡಿಗರ ಮನೆಗಳನ್ನು ಸೇರಿತು.

ಆದರೆ ಆ ಕಾಲದಲ್ಲಿ ಒಂದು ತೊಡಕಿತ್ತು. ಗಣಕದ ಅಕ್ಷರಪಟ್ಟಿಯಲ್ಲಿ ಇದ್ದವು 256 ಮನೆಗಳು. ಅವು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳಿಗೆ ಮೀಸಲು. ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ಬಿಡಿಬಿಡಿಯಾಗಿ ಆ ಮನೆಗಳಲ್ಲಿ ಬಾಡಿಗೆಗೆ ಕೂರಿಸುತ್ತಿದ್ದರು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಬಾಡಿಗೆದಾರ ಮಾಯವಾಗಿ ಮನೆಯ ಯಜಮಾನನೇ ಕಾಣಿಸಿಕೊಳ್ಳುತ್ತಾನೆ! ತಂದೆಯವರ ಬರಹಕ್ಕೆ ಆದದ್ದು ಇದೇ. 1991ರಲ್ಲಿ ಬಂದ ಯೂನಿಕೋಡ್ ಎಂಬ ಜಾಗತಿಕ ಕ್ರಮದಲ್ಲಿ ಕನ್ನಡಕ್ಕೆ ಅದರದೇ ಆದ 128 ಮನೆಗಳ ಕೇರಿ ದೊರೆಯಿತು. ಆದರೆ ಅದು ಮನೆಮನೆಯ ಯಂತ್ರಗಳಿಗೆ ಬಂದು ರೂಢಿಯಾಗಲು ಇನ್ನೂ ಹತ್ತಾರು ವರ್ಷ ಹಿಡಿಯಿತು. ನಡುವೆ ಬರೆದದ್ದೆಲ್ಲ ಹಳೆಯ ಬಾಡಿಗೆ ಮನೆಗಳಲ್ಲೇ ಉಳಿಯಿತು.

ಹಳೆಯ ಫಾಂಟನ್ನು ಹಾಕಿಕೊಂಡರೆ ಆ ಬರಹ ನಿಮ್ಮ ಲ್ಯಾಪ್‌ಟಾಪಿನಲ್ಲಿ ಕಾಣುತ್ತದೆ, ನಿಜ. ಮೊಬೈಲಿಗೆ ಕಳಿಸಿದೊಡನೆ ಮತ್ತೆ ಅದೇ ಗೊಂದಲ. ಆದ್ದರಿಂದ ಯೂನಿಕೋಡಿಗೆ ಬದಲಾಯಿಸುವುದೇ ಶಾಶ್ವತ ಉಪಾಯ. ನುಡಿ, ಬರಹ ಎರಡರಲ್ಲಿಯೂ ಇದಕ್ಕೆ ಸೌಕರ್ಯವಿದೆ. ಮೂಲ ಕಡತವನ್ನು ಮುಟ್ಟದೆ ನಕಲಿನ ಮೇಲೆ ಕೆಲಸ ಮಾಡಬೇಕು; ಮುಗಿದ ಮೇಲೆ ಪೆನ್‌ಡ್ರೈವಿನಲ್ಲೊಂದು, ಅಂತರಜಾಲದಲ್ಲೊಂದು ಪ್ರತಿ ಇಡಬೇಕು. ಅರ್ಕಾವತ್ತು ಬಂದಲ್ಲೆಲ್ಲ ಕಣ್ಣಿಟ್ಟು ನೋಡಬೇಕು. ಯಂತ್ರ ಎಡವುವುದು ಅಲ್ಲಿಯೇ.

ಇನ್ನೆರಡು ಮಾತು. ಲ್ಯಾಪ್‌ಟಾಪಿನ ಭಾಷಾ ಸೆಟ್ಟಿಂಗಿನಲ್ಲಿಯೂ ಮೊಬೈಲಿನ ಕೀಲಿಮಣೆಯಲ್ಲಿಯೂ ಕನ್ನಡವನ್ನು ಸೇರಿಸಿಕೊಳ್ಳಲು ಐದು ನಿಮಿಷ ಸಾಕು. ಮಕ್ಕಳಿಗೆ ಹೇಳಿದರೆ ಅವರೇ ಮಾಡಿಕೊಡುತ್ತಾರೆ. ಡ್ರಾಯರಿನಲ್ಲಿ ಬಿದ್ದಿರುವ ಹಳೆಯ 3ಜಿ ಡಾಂಗಲ್ಲನ್ನು ನಂಬಿ ಕೂರಬೇಡಿ. ಮೊಬೈಲಿನ ಹಾಟ್‌ಸ್ಪಾಟೇ ಅದರ ಕೆಲಸವನ್ನು ಮಾಡುತ್ತದೆ. ಹಾಗೆ ಜೋಡಿಸಿದಾಗ ಲ್ಯಾಪ್‌ಟಾಪಿನಲ್ಲಿ ಆ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತಿಸಿದರೆ ಡೇಟಾ ವೃಥಾ ಸೋರಿಹೋಗುವುದಿಲ್ಲ. 2020ರ ಮೇ 20ರ ಅಂಫಾನ್ ಚಂಡಮಾರುತದಲ್ಲಿ ದಿನಗಟ್ಟಲೆ ಕತ್ತಲಲ್ಲಿ ಕೂತವರಿಗೆ, ತುಂಬಿದ ಪವರ್ ಬ್ಯಾಂಕ್ ಮನೆಯಲ್ಲಿರಬೇಕೆಂದು ನಾನು ಹೇಳಬೇಕಾಗಿಲ್ಲ.

ತಂದೆಯವರ ಬರಹವನ್ನು ಯಂತ್ರ ಒಂದೇ ನಿಮಿಷದಲ್ಲಿ ಕನ್ನಡಕ್ಕೆ ತಂದುಕೊಟ್ಟಿತು. ಅದನ್ನು ತಿದ್ದಲು ಮಾತ್ರ ಹನ್ನೆರಡು ಸಂಜೆಗಳು ಬೇಕಾದವು. ಎಂಬತ್ತು ದಾಟಿದ ನನ್ನ ತಾಯಿ ಪಕ್ಕದಲ್ಲಿ ಕೂತು, “ಅದು ಹಾಗಲ್ಲ, ಆ ತೋಟದ ಹೆಸರು ಬೇರೆ” ಎಂದು ಹೇಳುತ್ತಿದ್ದರು. ಮೊಮ್ಮಗಳು ಕೀಲಿ ಒತ್ತುತ್ತಿದ್ದಳು. ಕನ್ನಡವನ್ನು ಚೆನ್ನಾಗಿ ಮಾತಾಡಿದರೂ ಬರೆಯುವಾಗ ಇಂಗ್ಲಿಷ್ ಅಕ್ಷರಗಳನ್ನೇ ಹಿಡಿಯುತ್ತಿದ್ದ ಹುಡುಗಿ ಅವಳು. ಒತ್ತಕ್ಷರ ಬಂದಲ್ಲಿ ತಡವರಿಸುತ್ತ, ಅಜ್ಜಿಯನ್ನು ಕೇಳುತ್ತ, ಕೊನೆಯ ಅಧ್ಯಾಯವನ್ನು ಅವಳೇ ಗಟ್ಟಿಯಾಗಿ ಓದಿದಳು. ತಾಯಿ ಇಲ್ಲದಿದ್ದರೆ ಆ ತೋಟದ ಹೆಸರನ್ನು ಯಾವ ತಂತ್ರಾಂಶ ತಾನೇ ತಿದ್ದುತ್ತಿತ್ತು?

ತಿಳಿದ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ತಾವೂ ಒಮ್ಮೆ ತಮ್ಮ ಬೀರುಗಳನ್ನು ತೆಗೆದು ನೋಡಬೇಕೆಂದು ಸಂಘದ ಬಂಧುಗಳಲ್ಲಿ ನನ್ನ ಬಿನ್ನಹ.