ರಾಮನದುರ್ಗದ ಅಂಚಿನಲ್ಲಿ ನಿಂತು



ಸಂಡೂರಿನ ರಾಮನದುರ್ಗದ ಅಂಚಿನಲ್ಲಿ ನಿಂತು ಕಣಿವೆಯ ಸೊಬಗನ್ನು ನೋಡುವುದು ಇಂದಿನ ಹವ್ಯಾಸವಲ್ಲ. ಬಳ್ಳಾರಿಯ ಬಿಸಿಲನ್ನು ತಾಳಲಾರದ ಬ್ರಿಟಿಷರು 19ನೆಯ ಶತಮಾನದಲ್ಲಿಯೇ, ಸುಮಾರು 3,200 ಅಡಿ ಎತ್ತರದ ಈ ಬೆಟ್ಟದ ಮೇಲೆ ತಮ್ಮ ಸೈನಿಕರಿಗಾಗಿ ಆರೋಗ್ಯಧಾಮವನ್ನು ನಡೆಸಿದ್ದರು. ನೆಲ ಮಾತ್ರ 1949ರವರೆಗೂ ಘೋರ್ಪಡೆ ಅರಸರ ಸಂಸ್ಥಾನದ್ದು.

ಅವರು ಇಲ್ಲಿಂದ ಕಂಡದ್ದು ಹಸುರನ್ನು. 2000ರ ದಶಕದಲ್ಲಿ ಕಬ್ಬಿಣದ ಅದಿರಿಗೆ ಬೆಲೆ ಬಂದಾಗ ನಾವು ಕಂಡದ್ದು ಮೆಟ್ಟಿಲು ಮೆಟ್ಟಿಲಾಗಿ ಕಡಿದ ಬೆಟ್ಟಗಳನ್ನು, ಎಲೆಗಳ ಮೇಲಿನ ಕೆಂಧೂಳನ್ನು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಮುಂದೆ ಷರತ್ತುಗಳೊಡನೆ ಗಣಿಗಳು ಮತ್ತೆ ತೆರೆದವು. ಅದಿರಿನ ಲಾರಿ ಓಡಿಸಿ ಸಂಸಾರ ಸಾಕಿದವರಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದರು. ಅವರನ್ನು ಹೇಗೆ ದೂರಲಿ?

ಕಳೆದ ಮಳೆಗಾಲದಲ್ಲಿ ಮೊಮ್ಮಗ ಅಲ್ಲಿ ನಿಂತು, "ತಾತ, ಆ ಕೆಂಪು ಜಾಗದಲ್ಲಿ ಹುಲ್ಲು ಬೆಳೆಯುತ್ತದೆಯೇ?" ಎಂದು ಕೇಳಿದ. ಬೆಳೆಯುತ್ತದೆ ಎಂದೆ. ಬೆಟ್ಟ ಬೆಳೆಯುವುದಿಲ್ಲವೆಂದು ಹೇಳಲು ಮನಸ್ಸಾಗಲಿಲ್ಲ.