ಲಿನಕ್ಸ್‌ಗೆ ದತ್ತಿ ಕೊಟ್ಟವರು, ದೀಪ ಹಚ್ಚಿದವರು

ಕಲ್ಯಾಣ ಚಾಲುಕ್ಯರ ಕಾಲದ ದತ್ತಿ ಶಾಸನಗಳನ್ನು ಓದಲು ಕೂತವರಿಗೆ ಒಂದು ಸಂಗತಿ ಬೇಗ ಮನದಟ್ಟಾಗುತ್ತದೆ. ಮೊದಲ ಸಾಲುಗಳ ತುಂಬ ದೊರೆಯ ಬಿರುದು, ಪ್ರಶಸ್ತಿ. ಚರಿತ್ರೆಗೆ ಬೇಕಾದ ವಿವರ ಆಮೇಲೆ ಬರುತ್ತದೆ: ಯಾವ ಊರಿನಲ್ಲಿ ಎಷ್ಟು ಮತ್ತರು ಭೂಮಿ, ಯಾವ ದೇವರ ನಂದಾದೀವಿಗೆಗೆ, ಯಾರ ವಶಕ್ಕೆ. ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳೂ ದತ್ತಿ ಕೊಟ್ಟಿವೆ. ಅವು ಹೆಚ್ಚಾಗಿ ಕಾಣಸಿಗುವುದು ಸಂತೆ, ಪೇಟೆ, ವ್ಯಾಪಾರದ ದಾರಿ ಇದ್ದ ಊರುಗಳಲ್ಲಿ. ದತ್ತಿ ಎಲ್ಲಿಗೆ ಹೋಯಿತು, ಅಲ್ಲಿ ದಿನವೂ ದೀಪ ಹಚ್ಚಿದವರು ಯಾರು ಎಂದು ಕೇಳದಿದ್ದರೆ ನಮ್ಮ ಕೈಯಲ್ಲಿ ಉಳಿಯುವುದು ಬಿರುದಾವಳಿ ಮಾತ್ರ.

ನಮ್ಮ ಕಾಲದ ಒಂದು ದೊಡ್ಡ ದತ್ತಿಯನ್ನೂ ಹೀಗೇ ಓದಬೇಕು ಎಂದು ನನಗನಿಸುತ್ತದೆ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಗೆ ಜಗತ್ತಿನ ಬಹುದೊಡ್ಡ ತಂತ್ರಜ್ಞಾನ ಕಂಪನಿಗಳು ಎರಡೂವರೆ ದಶಕಗಳಿಂದ ಹಣ ಸುರಿಯುತ್ತಿವೆ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಬರೆಯುವ, ಪುಟ ಕಟ್ಟುವ ನಮ್ಮಂಥವರಿಗೆ ಆ ಹಣದಿಂದ ಉಪಯೋಗಕ್ಕೆ ಬರುವ ತಂತ್ರಾಂಶ ಹುಟ್ಟಿದೆಯೇ? ಬಸವಕಲ್ಯಾಣದ ಗ್ರಂಥಾಲಯದಲ್ಲೋ ಹುಮನಾಬಾದಿನ ಡಿಟಿಪಿ ಅಂಗಡಿಯಲ್ಲೋ ಕೂತು ಕೇಳಿದರೆ ಈ ಪ್ರಶ್ನೆಗೆ ಕಂಪನಿಗಳ ವರದಿಗಳು ಕೊಡದ ಉತ್ತರ ಸಿಗುತ್ತದೆ.

ಮೊದಲು ಹಣದ ದಾರಿ ನೋಡೋಣ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆಯತೊಡಗಿದಾಗ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿ. 2000ದ ಕೊನೆಯಲ್ಲಿ ಐಬಿಎಂ ಮರುವರ್ಷ ಲಿನಕ್ಸ್ ಮೇಲೆ 100 ಕೋಟಿ ಡಾಲರ್ ಹೂಡುವುದಾಗಿ ಸಾರಿತು. 2013ರಲ್ಲಿ ಮತ್ತೆ ಅಷ್ಟೇ ಮೊತ್ತ ಘೋಷಿಸಿತು. 2019ರಲ್ಲಿ ರೆಡ್ ಹ್ಯಾಟ್ ಕಂಪನಿಯನ್ನು 3,400 ಕೋಟಿ ಡಾಲರಿಗೆ ಕೊಂಡಿತು. ಲಿನಕ್ಸಿನ ತಿರುಳಾದ ಕರ್ನೆಲ್‌ನಲ್ಲಿ ಶೇಕಡಾ 80ಕ್ಕೂ ಹೆಚ್ಚು ಕೆಲಸ ಸಂಬಳ ಪಡೆಯುವ ಎಂಜಿನಿಯರುಗಳದು ಎಂದು ಲಿನಕ್ಸ್ ಫೌಂಡೇಶನ್ 2015ರ ಹೊತ್ತಿಗೆ ಹೇಳುತ್ತಿತ್ತು. ಆದರೆ ಈ ಹಣ ಹರಿದದ್ದು ಹೆಚ್ಚಾಗಿ ಸರ್ವರ್‌ಗಳ ಕಡೆಗೆ, ಆಮೇಲೆ ಫೋನುಗಳ ಕಡೆಗೆ. ಕಂಪನಿಗಳ ಸಂತೆ, ಪೇಟೆ ಇದ್ದದ್ದು ಅಲ್ಲಿ.

ಮೇಜಿನ ಕಂಪ್ಯೂಟರಿನತ್ತ ಯಾರೂ ತಿರುಗಲಿಲ್ಲ ಎಂದಲ್ಲ. ನಮ್ಮ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಕೋರೆಲ್ ಡ್ರಾ ಎಂದರೆ ಗೊತ್ತಿಲ್ಲದವರಿಲ್ಲ. ಮದುವೆ ಕಾರ್ಡು, ಜಾತ್ರೆಯ ಬ್ಯಾನರು ಎಲ್ಲ ಅದರಲ್ಲೇ ಆಗುತ್ತವೆ. ಆ ಕೋರೆಲ್ ಕಂಪನಿ 1999ರಲ್ಲಿ ತನ್ನದೇ ಲಿನಕ್ಸ್ ಹೊರತಂದಿತ್ತು. 2000ದಲ್ಲಿ ಕೋರೆಲ್ ಡ್ರಾ ಕೂಡ ಲಿನಕ್ಸ್‌ಗೆ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ 13.5 ಕೋಟಿ ಡಾಲರ್ ಕೊಟ್ಟು ಕೋರೆಲ್‌ನಲ್ಲಿ ಪಾಲು ಪಡೆಯಿತು. 2001ರಲ್ಲಿ ಕೋರೆಲ್ ತನ್ನ ಲಿನಕ್ಸ್ ವಿಭಾಗವನ್ನು ಮಾರಿತು. ನೋಕಿಯಾ 2008ರಲ್ಲಿ ಕ್ಯೂಟಿ ಎಂಬ ತಂತ್ರಾಂಶ ಕಟ್ಟುವ ಸಾಧನದ ಕಂಪನಿಯನ್ನು ಕೊಂಡು, ನಾಲ್ಕೇ ವರ್ಷದಲ್ಲಿ ಕೈಬಿಟ್ಟಿತು. ಉಬುಂಟು ತಯಾರಿಸುವ ಕ್ಯಾನೊನಿಕಲ್ ಸಂಸ್ಥೆ ಯೂನಿಟಿ ಎಂಬ ಸ್ವಂತ ಡೆಸ್ಕ್‌ಟಾಪ್ ಕಟ್ಟಿ 2017ರಲ್ಲಿ ಅದನ್ನು ನಿಲ್ಲಿಸಿತು. ಲಿಬ್ರೆ ಆಫೀಸ್ ಅನ್ನು ಮುಂದಿನ ಆವೃತ್ತಿಗಳೊಂದಿಗೆ ತಾನು ಕೊಡುವುದಿಲ್ಲ ಎಂದು ರೆಡ್ ಹ್ಯಾಟ್ 2023ರಲ್ಲಿ ತಿಳಿಸಿತು. ಎದುರಿನ ಉದಾಹರಣೆಯೂ ಇದೆ. ಆಟಗಳ ಕಂಪನಿ ವಾಲ್ವ್ 2018ರಲ್ಲಿ ಪ್ರೋಟಾನ್ ಎಂಬ ಸಾಧನ ಕೊಟ್ಟ ಮೇಲೆ ವಿಂಡೋಸ್ ಆಟಗಳು ಲಿನಕ್ಸ್ ಮೇಲೆ ಓಡತೊಡಗಿದವು. ವಾಲ್ವ್‌ಗೆ ಆಟ ಮಾರಬೇಕಿತ್ತು, ಹಾಗಾಗಿ ಆ ಕೆಲಸ ಪೂರ್ತಿಯಾಯಿತು. ಕಂಪನಿಗೆ ಸ್ವಂತ ಅಗತ್ಯ ಇರುವವರೆಗೆ ಡೆಸ್ಕ್‌ಟಾಪ್ ಬೆಳೆಯುತ್ತದೆ. ಅಗತ್ಯ ತೀರಿದ ದಿನ ಅನಾಥವಾಗುತ್ತದೆ.

ಆದರೂ ಈ ಕಥೆಯನ್ನು ಬರೀ ಸೋಲಿನ ಪಟ್ಟಿ ಎಂದು ಓದಲಾಗದು. ದತ್ತಿ ಶಾಸನದ ಕೊನೆಗೆ ಶಾಪಾಶಯ ಇರುತ್ತದೆ: ಕೊಟ್ಟದ್ದನ್ನು ಕಿತ್ತುಕೊಂಡವರಿಗೆ ಪಾಪ ತಟ್ಟಲಿ ಎಂದು. ಮುಕ್ತ ತಂತ್ರಾಂಶದ ಪರವಾನಗಿ ಅಂಥ ಕೆಲಸವನ್ನು ಪಾಪದ ಹೆದರಿಕೆಯಿಲ್ಲದೆ, ಕಾನೂನಿನ ಬಲದಿಂದ ಮಾಡುತ್ತದೆ. ಒಮ್ಮೆ ಹಂಚಿದ ಸಂಕೇತವನ್ನು ಕಂಪನಿ ಮರಳಿ ಪಡೆಯಲಾಗದು. ಸನ್ ಕಂಪನಿ 2000ದಲ್ಲಿ ಓಪನ್ ಆಫೀಸನ್ನು ಮುಕ್ತಗೊಳಿಸಿತು. 2010ರಲ್ಲಿ ಸನ್ ಒರಾಕಲ್‌ನ ಪಾಲಾಯಿತು. ಅದೇ ವರ್ಷ ಅಭಿವರ್ಧಕರು ಆ ಸಂಕೇತವನ್ನೇ ಎತ್ತಿಕೊಂಡು ಹೊರಬಂದು ಲಿಬ್ರೆ ಆಫೀಸ್ ಕಟ್ಟಿದರು. ಕೋರೆಲ್ ತನ್ನ ತಂತ್ರಾಂಶವನ್ನು ಲಿನಕ್ಸ್‌ಗೆ ತರಲು ವೈನ್ ಎಂಬ ಮುಕ್ತ ಯೋಜನೆಯಲ್ಲಿ ಕೆಲಸ ಮಾಡಿತ್ತು. ಕೋರೆಲ್ ಹೋಯಿತು, ವೈನ್ ಉಳಿಯಿತು. ವಾಲ್ವ್‌ನ ಪ್ರೋಟಾನ್ ನಿಂತಿರುವುದು ಅದೇ ವೈನ್ ಮೇಲೆ.

ಇನ್ನು ಕನ್ನಡಕ್ಕೆ ಬರೋಣ. 1998ರ ಬರಹ, ಅದರ ಬೆನ್ನಿಗೆ ಬಂದ ಕನ್ನಡ ಗಣಕ ಪರಿಷತ್ತಿನ ನುಡಿ ನಮ್ಮನ್ನು ಕಂಪ್ಯೂಟರಿನಲ್ಲಿ ಕನ್ನಡಿಗರನ್ನಾಗಿ ಮಾಡಿದವು. ಆದರೆ ಆ ಕಾಲದ ಫಾಂಟುಗಳಲ್ಲಿ ಕನ್ನಡದ ಅಕ್ಷರಭಾಗಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕೂತಿರುತ್ತಿದ್ದವು. ಪರದೆಯ ಮೇಲೆ ‘ಕಾಯಕ’ ಎಂದು ಕಂಡರೂ ಯಂತ್ರದ ಮಟ್ಟಿಗೆ ಅದು ಅರ್ಥವಿಲ್ಲದ ರೋಮನ್ ಗುರುತುಗಳ ಸಾಲು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಜಾಗ ಸಿಕ್ಕರೆ ಸಾಲದು. ‘ಸ್ತ್ರೀ’ ಎಂಬುದನ್ನು ಯೂನಿಕೋಡ್ ಸ, ಹಲಂತ, ತ, ಹಲಂತ, ರ, ದೀರ್ಘ ಈಕಾರ ಎಂದು ಬಿಡಿಬಿಡಿಯಾಗಿ ಇಟ್ಟುಕೊಳ್ಳುತ್ತದೆ. ಒತ್ತುಗಳನ್ನು ಎಲ್ಲಿ ಇಳಿಸಬೇಕು, ಗುಡಿಸನ್ನು ಯಾವ ಅಕ್ಷರಕ್ಕೆ ಹಚ್ಚಬೇಕು ಎಂದು ತಿಳಿದು ಜೋಡಿಸಲು ಬೇರೆಯೇ ಒಂದು ಯಂತ್ರ ಬೇಕು.

ಲಿನಕ್ಸ್‌ನಲ್ಲಿ ಆ ಯಂತ್ರ ಕಂಪನಿಗಳ ಸಂಬಳದಿಂದಲೇ ಬಂತು. ಪ್ಯಾಂಗೋ ಎಂಬ ಅಕ್ಷರ ಜೋಡಣೆಯ ಗ್ರಂಥಾಲಯವನ್ನು ಬೆಳೆಸಿದ ಓವೆನ್ ಟೇಲರ್ ರೆಡ್ ಹ್ಯಾಟ್ ಉದ್ಯೋಗಿ. ಅದರ ಒಳಗಿನ ಎಂಜಿನ್ನನ್ನು ಹೊಸದಾಗಿ ಬರೆದ ಬೆಹ್ದಾದ್ ಎಸ್ಫಾಬೋದ್ ಮೊದಲು ರೆಡ್ ಹ್ಯಾಟ್‌ನಲ್ಲಿ, ಆಮೇಲೆ ಗೂಗಲ್‌ನಲ್ಲಿ ಇದ್ದವರು. ಇರಾನ್ ಮೂಲದ ಅವರು ಅದಕ್ಕೆ ಇಟ್ಟ ಹೆಸರು ಹರ್ಫ್‌ಬಝ್. ಹರ್ಫ್ ಎಂದರೆ ಅಕ್ಷರ ಎಂದು ಉರ್ದು ಕಿವಿಗೆ ಬೀಳುವ ಬೀದರ ಸೀಮೆಯಲ್ಲಿ ಬಿಡಿಸಿ ಹೇಳಬೇಕಿಲ್ಲ. ಬಾಝ್ ಎಂದರೆ ಪಾರ್ಸಿಯಲ್ಲಿ ತೆರೆದದ್ದು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಎಲ್ಲದರಲ್ಲೂ ಇಂದು ಕನ್ನಡದ ಒತ್ತಕ್ಷರ ಜೋಡಿಸುವುದು ಈ ಹರ್ಫ್‌ಬಝ್. ಫಾಂಟಿನ ಕಥೆಯೂ ಹೀಗೆಯೇ. ಪುಣೆಯ ಮಾಡ್ಯುಲರ್ ಇನ್ಫೋಟೆಕ್ ರೂಪಿಸಿದ ಲೋಹಿತ್ ಫಾಂಟುಗಳನ್ನು ರೆಡ್ ಹ್ಯಾಟ್ 2004ರಿಂದ ಮುಕ್ತವಾಗಿ ಹಂಚಿತು. ಆ ಸಾಲಿನಲ್ಲಿ ಲೋಹಿತ್ ಕನ್ನಡವೂ ಬಂತು. ಕೀಲಿಮಣೆಗೆ ಬೇಕಾದ ಐಬಸ್ ಕೂಡ ರೆಡ್ ಹ್ಯಾಟ್ ಎಂಜಿನಿಯರ್ ಕಟ್ಟಿದ್ದು, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕನ್ನಡದ ಕೀಲಿಮಣೆ ಅದರಲ್ಲಿ ಸಿಗುತ್ತದೆ.

ಇಷ್ಟೆಲ್ಲ ಇದ್ದೂ ಹುಮನಾಬಾದಿನ ಬಸ್ ನಿಲ್ದಾಣದ ಬಳಿಯ ಒಂದು ಅಂಗಡಿಗೆ ನನ್ನ ಅಧ್ಯಾಯವೊಂದನ್ನು ಒಯ್ದಾಗ ಕೇಳಿದ ಮಾತು ಇದು: “ಸರ, ನಿಮ್ಮ ಫೈಲ್ ತೆರದ್ರ ಬರೇ ಡಬ್ಬಿ ಡಬ್ಬಿ ಬರ್ಲತ್ತಾವ ನೋಡ್ರಿ. ನುಡಿದಾಗ ಟೈಪ್ ಮಾಡ್ಕೊಂಡು ತರ್ರಿ.” ಅವರು ಹೇಳಿದ್ದು ಸರಿಯೇ. ಅಲ್ಲಿದ್ದ ಪೇಜ್‌ಮೇಕರ್ 7, 2001ರದು. ಯೂನಿಕೋಡ್ ಅದಕ್ಕೆ ತಿಳಿಯದು. ಕನ್ನಡಕ್ಕೆ ನುಡಿ, ಮರಾಠಿಗೆ ಶ್ರೀಲಿಪಿ, ಉರ್ದುವಿಗೆ ಇನ್‌ಪೇಜ್: ಒಂದೇ ಕರಪತ್ರದಲ್ಲಿ ಮೂರು ಭಾಷೆ ಬಂದರೆ ಮೂರು ಕಡೆ ಟೈಪ್ ಮಾಡಿ ಅಂಟಿಸಬೇಕು. ಗಡಿಯ ಊರಿನಲ್ಲಿ ಇದು ದಿನದ ಕೆಲಸ. ಆ ಶ್ರೀಲಿಪಿ ತಯಾರಿಸುವುದೂ ಲೋಹಿತ್ ರೂಪಿಸಿದ ಪುಣೆಯ ಕಂಪನಿಯೇ. ಅದರ ಮುಕ್ತ ಫಾಂಟ್ ಜಗತ್ತಿನ ಲಿನಕ್ಸ್‌ಗಳಿಗೆ ಹೋಯಿತು, ಮಾರಾಟದ ತಂತ್ರಾಂಶ ನಮ್ಮ ಅಂಗಡಿಗೆ ಬಂತು.

ಈ ಅಂಗಡಿಗೆ ಬೇಕಾದ ಮುಕ್ತ ಪುಟವಿನ್ಯಾಸದ ತಂತ್ರಾಂಶ ಸ್ಕ್ರೈಬಸ್. ಬಹಳ ಕಾಲ ಅದರ ಸ್ಥಿರ ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರ ಕೂಡುತ್ತಿರಲಿಲ್ಲ. ಹರ್ಫ್‌ಬಝ್ ಪಕ್ಕದಲ್ಲೇ ಇತ್ತು. ಅದನ್ನು ಸ್ಕ್ರೈಬಸ್‌ಗೆ ಜೋಡಿಸುವವರು ಬೇಕಿತ್ತು. ಆ ಕೆಲಸಕ್ಕೆ ಮುಂದಾದದ್ದು ಓಮಾನ್ ದೇಶದ ಒಂದು ತಂಡ. ಅವರಿಗೆ ಅರಬ್ಬಿ ಪುಟ ಬೇಕಿತ್ತು, ಅದರ ಜೊತೆಗೆ ಕನ್ನಡಕ್ಕೂ ದಾರಿಯಾಯಿತು. ಆ ಸೌಲಭ್ಯವಿರುವ 1.6 ಸ್ಥಿರ ಆವೃತ್ತಿ 2024ರ ಜನವರಿಯಲ್ಲಿ ಹೊರಬಂತು. ಈಗ ಕನ್ನಡ, ಮರಾಠಿ, ಉರ್ದು ಮೂರನ್ನೂ ಒಂದೇ ಪುಟದಲ್ಲಿ ಇಡಬಹುದು.

ಸಂಶೋಧಕರಿಗೆ ಇನ್ನೂ ಹತ್ತಿರದ ಉದಾಹರಣೆ ಟೆಸರಾಕ್ಟ್. ಮುದ್ರಿತ ಪುಟದ ಚಿತ್ರವನ್ನು ಪಠ್ಯವಾಗಿಸುವ ಈ ತಂತ್ರಾಂಶವನ್ನು ಹ್ಯೂಲೆಟ್ ಪ್ಯಾಕರ್ಡ್ 1985ರಿಂದ ಸುಮಾರು ಹತ್ತು ವರ್ಷ ಬೆಳೆಸಿ ಮೂಲೆಗೆ ಸರಿಸಿತು. 2005ರಲ್ಲಿ ಅದು ಮುಕ್ತವಾಯಿತು. ಮರುವರ್ಷದಿಂದ ಗೂಗಲ್ ನೆರವಿಗೆ ನಿಂತಿತು. 2018ರ 4ನೇ ಆವೃತ್ತಿ ಕನ್ನಡವನ್ನೂ ಓದುತ್ತದೆ. ಆದರೆ ಅದೊಂದು ಕಪ್ಪು ಕಿಟಕಿಯಲ್ಲಿ ಆದೇಶ ಬರೆದು ನಡೆಸಬೇಕಾದ ಯಂತ್ರ. ಪುಟ ತೆರೆದು, ಗುಂಡಿ ಒತ್ತಿ, ಪಕ್ಕದಲ್ಲೇ ತಿದ್ದಲು ಬೇಕಾದ ಜಿಇಮೇಜ್‌ರೀಡರ್ ಎಂಬ ಮುಕ್ತ ತಂತ್ರಾಂಶ ಬಂದದ್ದು ಆ ಎರಡು ಕಂಪನಿಗಳಿಂದಲ್ಲ.

ಹಾಗಾಗಿ ನನ್ನ ಉತ್ತರ ಎರಡು ಭಾಗದ್ದು. ದೊಡ್ಡ ಕಂಪನಿಗಳ ಹಣ ಕಣ್ಣಿಗೆ ಕಾಣದ ಅಡಿಪಾಯವನ್ನು ಚೆನ್ನಾಗಿ ಹಾಕಿದೆ. ಆ ಹಣವಿಲ್ಲದೆ ಹರ್ಫ್‌ಬಝ್ ಈ ಗಟ್ಟಿತನಕ್ಕೆ ಬರುವುದು ಕಷ್ಟವಿತ್ತು. ಆದರೆ ನಾವು ಕೈಯಿಟ್ಟು ಬಳಸುವ ತಂತ್ರಾಂಶ ಹುಟ್ಟುವುದು ಅಗತ್ಯವಿದ್ದ ಜನ ಆ ಅಡಿಪಾಯದ ಹತ್ತಿರ ಬಂದು ಕೂತಾಗ. ಹುಮನಾಬಾದಿನ ಹತ್ತಿರದ ಜಲಸಂಗ್ವಿಯ ಗುಡಿಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಅವಳ ಅಕ್ಷರಗಳು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಹೊಗಳಿಕೆ ದೊರೆಯದಾದರೂ ಬರೆಯುವ ಕೈ ಅವಳದು. ಎಂ.ಎಂ. ಕಲಬುರ್ಗಿಯವರ ಮುಂದಾಳತ್ವದಲ್ಲಿ 1993ರಲ್ಲಿ ಬಂದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯವನ್ನು ಯೂನಿಕೋಡಿಗೆ ತಂದು, ಪದ ಹಾಕಿ ಹುಡುಕುವಂತೆ ಮಾಡಿದ್ದು ಸಂಚಯ ಎಂಬ ಆಸಕ್ತರ ತಂಡ. ಕಲ್ಯಾಣದ ಶರಣರು ‘ಕಾಯಕ’ವನ್ನು ಎಲ್ಲೆಲ್ಲಿ ಬಳಸಿದ್ದಾರೆಂದು ಇಂದು ಕ್ಷಣದಲ್ಲಿ ನೋಡಬಹುದಾದರೆ ಅದು ಅವರ ಕಾಯಕದ ಫಲ.

ನೆರೆಯ ಕೇರಳ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭಿಸಿ, ಕೆಲವೇ ವರ್ಷಗಳಲ್ಲಿ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ತಂದಿತು. ಅಲ್ಲಿನ ಮಕ್ಕಳು ಲಿನಕ್ಸ್ ಮೇಲೆ ಮಲಯಾಳಂ ಬರೆಯುತ್ತ ಬೆಳೆದರು. ಹೀಗೆ ಬಳಸುವವರ ಬಳಗ ದೊಡ್ಡದಾದರೆ ತಿದ್ದುವವರೂ ಸಿಗುತ್ತಾರೆ. ನಮ್ಮಲ್ಲಿ ಅಷ್ಟು ದೊಡ್ಡ ಯೋಜನೆ ಬರುವವರೆಗೆ ಕಾಯಬೇಕಿಲ್ಲ. ಪ್ರಬಂಧವನ್ನು ಯೂನಿಕೋಡಿನಲ್ಲೇ ಬರೆದಿಡುವುದು, ಹಳೆಯ ನುಡಿ ಕಡತಗಳನ್ನು ಮುಕ್ತ ಪರಿವರ್ತಕಗಳಿಂದ ಬದಲಿಸುವುದು, ಕಂಡ ದೋಷವನ್ನು ಆಯಾ ಯೋಜನೆಗೆ ಬರೆದು ತಿಳಿಸುವುದು ಸ್ನಾತಕೋತ್ತರ ವಿದ್ಯಾರ್ಥಿಗೂ ಆಗುವ ಕೆಲಸ.

ಹಾಗೆ ಯಾರೂ ಬಂದು ಕೂರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಶಾಸನ ಓದುವವರಿಗೆ ಗೊತ್ತಿರಬೇಕಾದ ಒಂದು ಸಾಕ್ಷಿ ಇದೆ. ಹಳಗನ್ನಡದ ೞ ಅಕ್ಷರ ಯೂನಿಕೋಡ್‌ನಲ್ಲಿದೆ. ಕಂಪನಿಗಳು ಕೂಡಿ ಕಟ್ಟಿದ ಆ ಸಂಸ್ಥೆಯ ಪಟ್ಟಿಯಲ್ಲಿ ಅದಕ್ಕೆ ಬಿದ್ದ ಹೆಸರು ‘ಕನ್ನಡ ಲೆಟರ್ ಫ’. ಫ್ರೆಂಚ್ ‘ಫ್ರಾನ್ಸ್’ನ ಫಕಾರ ಅದು ಎಂಬಂತೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮ. ಆದ್ದರಿಂದ ಸರಿಯಾದ ಹೆಸರನ್ನು ಪಕ್ಕದಲ್ಲಿ ಪರ್ಯಾಯವಾಗಿ ಸೇರಿಸಿದ್ದಾರೆ. ತಪ್ಪು ಹೆಸರು ಇಂದಿಗೂ ಹಾಗೇ ಇದೆ.