ಬೆಂಗಳೂರು ನಗರ ಸಾರಿಗೆ: ಮೆಜೆಸ್ಟಿಕ್‌ನಿಂದ ಹೊರವರ್ತುಲ ರಸ್ತೆಯವರೆಗೆ

ರಾಜಧಾನಿ ಬೆಂಗಳೂರಿನಲ್ಲಿ ಸಾರ್ವಜನಿಕ ಸಾರಿಗೆಯನ್ನೇ ನಂಬಿ ದಿನ ದೂಡುವವರು ಅಸಂಖ್ಯ. ಸಿದ್ಧ ಉಡುಪು ಕಾರ್ಖಾನೆಯ ಕಾರ್ಮಿಕರು, ಮನೆಗೆಲಸದ ಮಹಿಳೆಯರು, ಕಾಲೇಜು ವಿದ್ಯಾರ್ಥಿಗಳು, ಕಚೇರಿ ನೌಕರರು ಹೀಗೆ ಎಲ್ಲ ವರ್ಗದವರ ದಿನಚರಿಯನ್ನೂ ಬಿಎಂಟಿಸಿ ಬಸ್ಸು ಮತ್ತು ನಮ್ಮ ಮೆಟ್ರೊ ನಿರ್ಧರಿಸುತ್ತವೆ. ಮನೆಯ ಬಳಿ ಏರಿದ ವಾಹನದಲ್ಲಿಯೇ ಕೆಲಸದ ಸ್ಥಳ ತಲುಪುವವರು ಭಾಗ್ಯವಂತರು. ಉಳಿದವರು ದಾರಿಯಲ್ಲಿ ಒಂದೆರಡು ಬಾರಿ ಇಳಿದು ಹತ್ತಲೇಬೇಕು. ಎಲ್ಲಿ ಇಳಿಯಬೇಕು, ಮುಂದಿನ ವಾಹನಕ್ಕೆ ಎಷ್ಟು ಹೊತ್ತು ಕಾಯಬೇಕು, ಮತ್ತೆಷ್ಟು ಹಣ ತೆರಬೇಕು ಎಂಬುದೇ ಈ ನಗರದ ಸಾರಿಗೆಯ ಮೂಲ ಪ್ರಶ್ನೆಯಾಗಿದೆ.

ಹಿನ್ನೆಲೆ

ನಗರದಲ್ಲಿ ಸಂಘಟಿತ ಬಸ್ ಸೇವೆಯನ್ನು 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಎಂಬ ಖಾಸಗಿ ಸಂಸ್ಥೆ ಆರಂಭಿಸಿತು. 1956ರಲ್ಲಿ ಸರ್ಕಾರ ಅದನ್ನು ರಾಷ್ಟ್ರೀಕರಣಗೊಳಿಸಿತು. ಆಗ ಹುಟ್ಟಿಕೊಂಡ ಬೆಂಗಳೂರು ಸಾರಿಗೆ ಸೇವೆ, ಅಂದರೆ ಬಿಟಿಎಸ್, 1961ರಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮದ ತೆಕ್ಕೆಗೆ ಸೇರಿತು. ಹಿರಿಯ ನಾಗರಿಕರ ಬಾಯಲ್ಲಿ ನಗರದ ಬಸ್ಸು ಇಂದಿಗೂ 'ಬಿಟಿಎಸ್ ಬಸ್ಸು' ಆಗಿಯೇ ಉಳಿದಿದೆ. 1997ರ ಆಗಸ್ಟ್ 15ರಂದು ಕೆಎಸ್‌ಆರ್‌ಟಿಸಿಯಿಂದ ಬೇರ್ಪಟ್ಟು ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ (ಬಿಎಂಟಿಸಿ) ಅಸ್ತಿತ್ವಕ್ಕೆ ಬಂದಿತು.

ಎಲ್ಲ ದಾರಿಯೂ ಮೆಜೆಸ್ಟಿಕ್‌ಗೆ

ನಗರದ ಬಸ್ ಜಾಲದ ನಡುಬಿಂದು ಕೆಂಪೇಗೌಡ ಬಸ್ ನಿಲ್ದಾಣ. ಒಂದು ಕಾಲದಲ್ಲಿ ಧರ್ಮಾಂಬುಧಿ ಕೆರೆ ಇದ್ದ ಜಾಗವಿದು. ಸಮೀಪದಲ್ಲಿದ್ದ ಚಿತ್ರಮಂದಿರದಿಂದಾಗಿ ಇಡೀ ಪ್ರದೇಶಕ್ಕೆ ಮೆಜೆಸ್ಟಿಕ್ ಎಂಬ ಹೆಸರು ಅಂಟಿಕೊಂಡಿತು. ರೈಲು ನಿಲ್ದಾಣ, ಹೊರ ಊರುಗಳ ಬಸ್ ನಿಲ್ದಾಣ, ನಗರ ಬಸ್ ನಿಲ್ದಾಣಗಳು ಒಂದೇ ಕಡೆ ಇದ್ದುದರಿಂದ ಊರಿನ ಎಲ್ಲ ಮೂಲೆಗಳಿಂದಲೂ ಇಲ್ಲಿಗೆ ಬಸ್ಸು ಬಿಡುವುದು ಸಹಜವಾಗಿತ್ತು. ಕೃಷ್ಣರಾಜ ಮಾರುಕಟ್ಟೆ ಹಾಗೂ ಶಿವಾಜಿನಗರ ನಿಲ್ದಾಣಗಳು ಇದೇ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ನಿರ್ವಹಿಸುತ್ತ ಬಂದಿವೆ.

ಸಂಖ್ಯೆಗಳೇ ನಕ್ಷೆ

ಬಿಎಂಟಿಸಿಯ ಮಾರ್ಗಸಂಖ್ಯೆಗಳು ಹೊಸಬರಿಗೆ ಗೋಜಲಾಗಿ ಕಂಡರೂ ಅವುಗಳಲ್ಲಿ ಒಂದು ಕ್ರಮವಿದೆ. ಮೆಜೆಸ್ಟಿಕ್ ಮತ್ತು ಮಾರುಕಟ್ಟೆಯಿಂದ ಹೊರಡುವ 200 ಹಾಗೂ 300ರ ಸರಣಿಯ ಬಸ್ಸುಗಳ ಸಂಖ್ಯೆ ಸ್ಥೂಲವಾಗಿ ಗಡಿಯಾರದ ಮುಳ್ಳಿನಂತೆ ಬಲಕ್ಕೆ ಸುತ್ತುತ್ತ ಏರುತ್ತದೆ. 220ರ ಆಸುಪಾಸಿನವು ಮೈಸೂರು ರಸ್ತೆಯವು. 250ರ ಸರಣಿಯವು ತುಮಕೂರು ರಸ್ತೆಯ ಕಡೆಗೆ, 280ರ ಸರಣಿಯವು ಯಲಹಂಕ, ದೊಡ್ಡಬಳ್ಳಾಪುರದ ಕಡೆಗೆ ಸಾಗುತ್ತವೆ. 335 ಇ ಪೂರ್ವದ ಕಾಡುಗೋಡಿಗೆ, 356ರ ಸರಣಿಯವು ಹೊಸೂರು ರಸ್ತೆಗೆ, 365 ದಕ್ಷಿಣದ ಬನ್ನೇರುಘಟ್ಟಕ್ಕೆ ಹೋಗುತ್ತವೆ. ಈ ಕ್ರಮ ತಿಳಿದವರು ಬಸ್ಸಿನ ಫಲಕವನ್ನು ಪೂರ್ತಿ ಓದದೆಯೇ ಅದು ಹೋಗುವ ದಿಕ್ಕನ್ನು ಊಹಿಸಬಲ್ಲರು.

500ರ ಸರಣಿ ಇದಕ್ಕಿಂತ ಭಿನ್ನ. ಇವು ಮೆಜೆಸ್ಟಿಕ್‌ಗೆ ಬರದೆ ನಗರದ ಅಂಚಿನ ವರ್ತುಲ ರಸ್ತೆಗಳಲ್ಲಿ ಸಾಗುತ್ತವೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಹೋಗುವ 500 ಡಿ ಇವುಗಳಲ್ಲಿ ಬಹುಪರಿಚಿತ. 'ವಿ' ಅಕ್ಷರದಿಂದ ಆರಂಭವಾಗುವವು ಹವಾನಿಯಂತ್ರಿತ ವಜ್ರ ಬಸ್ಸುಗಳು. 'ಕೆಐಎ' ಎಂದಿದ್ದರೆ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುವ ವಾಯುವಜ್ರ, 'ಎಂಎಫ್' ಎಂದಿದ್ದರೆ ಮೆಟ್ರೊ ನಿಲ್ದಾಣಗಳಿಗೆ ಸಂಪರ್ಕ ಕಲ್ಪಿಸುವ ಬಸ್ಸು.

ಉದ್ಯೋಗ ಅಂಚಿಗೆ ಸರಿದಾಗ

ಕಚೇರಿಗಳು, ಅಂಗಡಿಬೀದಿಗಳು ನಗರದ ನಡುವೆ ಇದ್ದಷ್ಟು ಕಾಲ ಮೆಜೆಸ್ಟಿಕ್ ಕೇಂದ್ರಿತ ಜಾಲ ಸಮರ್ಪಕವಾಗಿತ್ತು. ಮಾಹಿತಿ ತಂತ್ರಜ್ಞಾನ ಉದ್ಯಮ ಬೆಳೆದಂತೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಹೊರವರ್ತುಲ ರಸ್ತೆಗಳು ಉದ್ಯೋಗದ ನೆಲೆಗಳಾದವು. ಅಲ್ಲಿ ಎಂಜಿನಿಯರುಗಳಷ್ಟೇ ಅಲ್ಲ, ಭದ್ರತಾ ಸಿಬ್ಬಂದಿ, ಸ್ವಚ್ಛತಾ ಕಾರ್ಮಿಕರು, ಕ್ಯಾಂಟೀನ್ ನೌಕರರೂ ದುಡಿಯುತ್ತಾರೆ. ಒಂದು ಅಂಚಿನಿಂದ ಮತ್ತೊಂದು ಅಂಚಿಗೆ ಹೋಗಬೇಕಾದ ಇಂಥವರಿಗೆ ಮೆಜೆಸ್ಟಿಕ್ ಸುತ್ತುಬಳಸಿನ ದಾರಿಯಾಯಿತು.

ಶಾಂತಿನಗರ, ಬನಶಂಕರಿ, ದೊಮ್ಮಲೂರು, ಯಶವಂತಪುರ ಮುಂತಾದೆಡೆ ಸಂಚಾರ ಮತ್ತು ಸಾರಿಗೆ ನಿರ್ವಹಣಾ ಕೇಂದ್ರಗಳನ್ನು (ಟಿಟಿಎಂಸಿ) ನಿರ್ಮಿಸಿದ್ದರ ಹಿಂದೆ ಬಸ್ಸು ಬದಲಿಸುವ ತಾಣಗಳನ್ನು ನಗರದುದ್ದಕ್ಕೂ ಹಂಚುವ ಆಶಯವೂ ಇತ್ತು. 2019ರ ಅಕ್ಟೋಬರ್‌ನಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್.ಪುರದವರೆಗೆ ಬಸ್ಸಿಗೆಂದೇ ಪ್ರತ್ಯೇಕ ಪಥ ಮೀಸಲಿಡಲಾಯಿತು. ಬಳಿಕ ಅದೇ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ನಡೆದು ಆ ಪಥ ಉಳಿಯಲಿಲ್ಲ.

ಮೆಟ್ರೊ ಆಗಮನ

ನಮ್ಮ ಮೆಟ್ರೊದ ಮೊದಲ ರೈಲು ಬೈಯಪ್ಪನಹಳ್ಳಿ ಮತ್ತು ಮಹಾತ್ಮ ಗಾಂಧಿ ರಸ್ತೆ ನಡುವೆ 2011ರ ಅಕ್ಟೋಬರ್ 20ರಂದು ಓಡಿತು. ಪೂರ್ವ-ಪಶ್ಚಿಮದ ನೇರಳೆ ಹಾಗೂ ಉತ್ತರ-ದಕ್ಷಿಣದ ಹಸಿರು ಮಾರ್ಗಗಳ ಮೊದಲ ಹಂತ 2017ರ ಜೂನ್‌ನಲ್ಲಿ ಪೂರ್ಣಗೊಂಡಿತು. ಇವೆರಡೂ ಸೇರುವ ನಾಡಪ್ರಭು ಕೆಂಪೇಗೌಡ ನಿಲ್ದಾಣ ಇರುವುದು ಮೆಜೆಸ್ಟಿಕ್‌ನ ನೆಲದಡಿಯಲ್ಲಿ. ಅಲ್ಲಿ ಟಿಕೆಟ್ ಬದಲಿಸದೆಯೇ ಮಾರ್ಗ ಬದಲಿಸಬಹುದು.

ಕೊಂಡಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನೇರಳೆ ಮಾರ್ಗವೇ ನಿದರ್ಶನ. 2023ರ ಮಾರ್ಚ್ 25ರಂದು ವೈಟ್‌ಫೀಲ್ಡ್-ಕೆ.ಆರ್.ಪುರ ನಡುವೆ ರೈಲು ಸಂಚಾರ ಉದ್ಘಾಟನೆಯಾದರೂ ಕೆ.ಆರ್.ಪುರದಿಂದ ಬೈಯಪ್ಪನಹಳ್ಳಿಗೆ ಸುಮಾರು 2 ಕಿ.ಮೀ. ಹಳಿ ಬಾಕಿಯಿತ್ತು. ಪ್ರಯಾಣಿಕರು ರೈಲಿನಿಂದಿಳಿದು, ಸಂಪರ್ಕ ಬಸ್ಸಿನಲ್ಲಿ ದಟ್ಟಣೆ ದಾಟಿ, ಮತ್ತೆ ರೈಲು ಏರಬೇಕಾಗಿತ್ತು. ಅಕ್ಟೋಬರ್ 9ರಂದು ಆ ತುಣುಕು ಜೋಡಣೆಯಾದ ಬಳಿಕವೇ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 43 ಕಿ.ಮೀ.ಗೂ ಹೆಚ್ಚು ದೂರದ ನೇರ ಪ್ರಯಾಣ ಸಾಧ್ಯವಾಯಿತು.

ಆರ್.ವಿ.ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ 19 ಕಿ.ಮೀ.ನ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ತೆರೆದಾಗ ಎಲೆಕ್ಟ್ರಾನಿಕ್ ಸಿಟಿಗೂ ಮೆಟ್ರೊ ತಲುಪಿ, ಒಟ್ಟು ಜಾಲ 96 ಕಿ.ಮೀ. ದಾಟಿತು. ಆರಂಭದಲ್ಲಿ ಮೂರೇ ರೈಲುಗಳಿದ್ದ ಕಾರಣ 25 ನಿಮಿಷಕ್ಕೊಂದು ಬರುತ್ತಿದ್ದವು. ಹಳಿ ಇದ್ದರಷ್ಟೇ ಸಾಲದು, ರೈಲುಗಳೂ ಸಾಕಷ್ಟಿರಬೇಕೆಂಬುದು ಆಗ ಮನದಟ್ಟಾಯಿತು.

ದರದ ಲೆಕ್ಕ

ಬಸ್ ಪ್ರಯಾಣ ದರ ನಿಗದಿಯಾಗುವುದು ಹಂತಗಳ ಆಧಾರದಲ್ಲಿ. ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಬೀಳುವ ವೆಚ್ಚ ಕಡಿಮೆಯಾಗುತ್ತದೆ. ಆದರೆ ಬಸ್ಸು ಬದಲಿಸಿದರೆ ಲೆಕ್ಕ ಮತ್ತೆ ಮೊದಲ ಹಂತದಿಂದಲೇ ಶುರು. ನೇರ ಬಸ್ಸಿಲ್ಲದ ಬಡಾವಣೆಯವರು ಅಷ್ಟೇ ದೂರಕ್ಕೆ ಹೆಚ್ಚು ತೆರಬೇಕಾಗುವುದು ಹೀಗೆ. ದಿನದ ಅಥವಾ ತಿಂಗಳ ಪಾಸು ಪಡೆದವರಿಗೆ ಈ ಹೊರೆ ಇಲ್ಲ.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಈ ಲೆಕ್ಕವನ್ನು ಬಹುಮಟ್ಟಿಗೆ ಬದಲಿಸಿತು. ರಾಜ್ಯದ ನಿವಾಸಿಗಳಾದ ಮಹಿಳೆಯರು ಗುರುತಿನ ಚೀಟಿ ತೋರಿಸಿ, ಶೂನ್ಯ ದರದ ಟಿಕೆಟ್ ಪಡೆದು ಸಾಮಾನ್ಯ ಬಸ್ಸುಗಳಲ್ಲಿ ಸಂಚರಿಸಬಹುದು. ಎರಡು ಬಸ್ಸು ಹಿಡಿಯುವ ಮನೆಗೆಲಸದ ಮಹಿಳೆಗೆ ಇದು ನೇರ ಉಳಿತಾಯ. ವಜ್ರ, ವಾಯುವಜ್ರ ಬಸ್ಸುಗಳಿಗಾಗಲೀ ಮೆಟ್ರೊಗಾಗಲೀ ಈ ಸೌಲಭ್ಯ ಅನ್ವಯಿಸದು. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಏರಿದಾಗ ತೀವ್ರ ವಿರೋಧ ವ್ಯಕ್ತವಾಗಿ, ಕೆಲವು ಅಂತರಗಳ ದರವನ್ನು ಇಳಿಸಲಾಯಿತು.

ಮುಂದಿನ ಹಾದಿ

ನಾಲ್ಕು ಕಾರಿಡಾರ್‌ಗಳ, ಸುಮಾರು 148 ಕಿ.ಮೀ. ಉದ್ದದ ಉಪನಗರ ರೈಲು ಯೋಜನೆಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ನೆರವೇರಿತು. ಕಾರಿಡಾರ್‌ಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವುಗಳ ಹೆಸರಿಡಲಾಗಿದೆ. ಹೊಸ ಹಳಿಗಳು ಬಂದಷ್ಟೂ ಬದಲಿಸುವ ತಾಣಗಳೂ ಹೆಚ್ಚುತ್ತವೆ. ರೈಲಿನಿಂದ ಇಳಿದ ಪ್ರಯಾಣಿಕನಿಗೆ ನಡೆಯಲು ಪಾದಚಾರಿ ಮಾರ್ಗ, ನಿಲ್ದಾಣದ ಬಾಗಿಲಲ್ಲೇ ಬಸ್ಸು, ಎರಡಕ್ಕೂ ಸಲ್ಲುವ ಒಂದೇ ಟಿಕೆಟ್ ದೊರೆತರೆ ಮಾತ್ರ ಆತ ದ್ವಿಚಕ್ರ ವಾಹನವನ್ನು ಮನೆಯಲ್ಲಿ ಬಿಟ್ಟು ಬರುವನು. ಬೆಂಗಳೂರಿನ ರಸ್ತೆಗಳು ಹಗುರಾಗುವುದು ಹೊಸ ಮಾರ್ಗಗಳ ಉದ್ದವನ್ನಷ್ಟೇ ಅಲ್ಲ, ಈ ಸಣ್ಣ ಕೊಂಡಿಗಳ ಬಲವನ್ನೂ ಅವಲಂಬಿಸಿದೆ.